ಬೇಡ ಎನ್ನಲು ಬಿಡುವುದು

ಬರೆದವರು ತಮ್ಮ ಪುಸ್ತಕವನ್ನು ಹಂಚಬೇಕೋ ಮಾರಬೇಕೋ ಎಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಹಂಚುವವರಿಗೇ ಹೆಚ್ಚು ಮರ್ಯಾದೆ. ಮಾರುವವರ ಬಗ್ಗೆ ಸಣ್ಣದೊಂದು ಅನುಮಾನ. ವಿದ್ಯೆಯನ್ನು ಮಾರಬಾರದೆಂಬ ಹಳೆಯ ನಂಬಿಕೆ ಎಲ್ಲೋ ಒಳಗೆ ಕೂತುಬಿಟ್ಟಿದೆ. ನಾನು 12 ವರ್ಷಗಳಿಂದ ಕಾಲೇಜುಗಳಲ್ಲಿ, ಜಾತ್ರೆಗಳಲ್ಲಿ, ಸಮ್ಮೇಳನಗಳಲ್ಲಿ ಮಡಚುವ ಟೇಬಲ್ಲೊಂದನ್ನು ಹಾಕಿಕೊಂಡು ಪುಸ್ತಕ ಮಾರುತ್ತಿದ್ದೇನೆ, ನಡುನಡುವೆ ಬರೆಯುತ್ತೇನೆ. ಬೆಲೆ ಹೇಳಿ ಕೇಳುವುದರಲ್ಲಿ ಒಂದು ಸಭ್ಯತೆ ಇದೆ, ಪುಕ್ಕಟೆ ಕೊಡುವುದರಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ.

ಗೌರವ ಪ್ರತಿಯನ್ನೇ ನೋಡಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ರಾಶಿಯಲ್ಲಿ ಕೈಯಾಡಿಸಿದವರಿಗೆ ಗೊತ್ತಿರುತ್ತದೆ. ಮೊದಲ ಪುಟದಲ್ಲಿ ‘ಆತ್ಮೀಯರಿಗೆ, ಪ್ರೀತಿಯಿಂದ’ ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದ ಕವನ ಸಂಕಲನಗಳು ಅಲ್ಲಿ ಸಿಗುತ್ತಲೇ ಇರುತ್ತವೆ. ಎಷ್ಟೋ ಪ್ರತಿಗಳ ಬೆನ್ನು ಒಮ್ಮೆಯೂ ಮಡಚಿರುವುದಿಲ್ಲ. ಪುಸ್ತಕ ತೂಕಕ್ಕೆ ಹಾಕಿದವರನ್ನು ಬೈಯುವುದು ಸುಲಭ. ಆದರೆ ಅವರಿಗೆ ಬೇಡ ಎನ್ನುವ ಅವಕಾಶವೇ ಇರಲಿಲ್ಲ. ಸಮಾರಂಭದಲ್ಲಿ ಯಾರೋ ಕೈಗಿಟ್ಟರು, ಪಕ್ಕದಲ್ಲಿ ಫೋಟೋ ತೆಗೆಯುವವನಿದ್ದ, ನಕ್ಕು ತೆಗೆದುಕೊಂಡರು. ಆಮೇಲೆ ಆರು ತಿಂಗಳು ‘ಓದಿದ್ರಾ?’ ಎಂಬ ಪ್ರಶ್ನೆಗೆ ಹೆದರಿ, ಆ ಕವಿ ಬರುವ ಕಾರ್ಯಕ್ರಮಗಳಿಗೇ ಹೋಗಲಿಲ್ಲ. ಕಾಸು ಕೊಡಲಿಲ್ಲ ನಿಜ, ಆದರೆ ಸಾಲಗಾರರಾದರು.

ಗಳಗನಾಥರು (1869–1942) ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಭಾಷಣಗಳಲ್ಲಿ ಅದು ಯಾವಾಗಲೂ ತ್ಯಾಗದ ಕತೆ. ಶಾಲಾ ಮಾಸ್ತರರಾಗಿದ್ದವರು, ಕನ್ನಡಕ್ಕಾಗಿ ಬೆನ್ನು ಬಗ್ಗಿಸಿದರು ಎಂದು ಕಣ್ಣು ಒರೆಸಿಕೊಂಡು ಮುಂದಿನ ವಿಷಯಕ್ಕೆ ಹೋಗುತ್ತೇವೆ. ನನಗಿರುವ ಕುತೂಹಲ ಬೇರೆ. ಯಾವುದೋ ಊರಿನ ಕಟ್ಟೆಯ ಮೇಲೆ ಆ ಗಂಟು ಬಿಚ್ಚಿದಾಗ ಎದುರಿಗಿದ್ದವರು ಏನೆಂದಿರಬಹುದು? ಅದು ಮುಂಬಯಿ ಪ್ರಾಂತ್ಯದ ಕನ್ನಡ ಸೀಮೆ. ಶಾಲೆ, ಕಚೇರಿ, ರಂಗಭೂಮಿ ಎಲ್ಲದರ ಮೇಲೂ ಮರಾಠಿಯ ದಟ್ಟ ನೆರಳು. ಓದುವ ಹವ್ಯಾಸವಿದ್ದವರು ಮರಾಠಿಯಲ್ಲೇ ಓದಿಕೊಳ್ಳಬಲ್ಲವರು. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದರು, ಮೂಲವನ್ನೇ ಓದಬಲ್ಲ ಜನರ ನಡುವೆ. ‘ಇದನ್ನ ಕನ್ನಡದಾಗ ಯಾಕ ಓದಬೇಕ್ರಿ?’ ಎಂದು ಒಬ್ಬರಾದರೂ ಕೇಳಿಯೇ ಇರಬೇಕು. ಗಂಟು ಹೊತ್ತು ಬಂದವರು ಅದಕ್ಕೆ ನಿಂತಲ್ಲೇ ಉತ್ತರ ಕೊಡಬೇಕು, ಇಲ್ಲವೇ ಗಂಟು ಕಟ್ಟಿಕೊಂಡು ಮುಂದಿನ ಊರಿಗೆ ನಡೆಯಬೇಕು. ಕಾದಂಬರಿಯೆಂದರೆ ಮುಂದೇನಾಯಿತು ಎಂದು ಪುಟ ತಿರುವಿಸಬೇಕು ಎಂಬ ಪಾಠ ಅವರ ಬರವಣಿಗೆಗೆ ಅಷ್ಟಿಷ್ಟಾದರೂ ಆ ಕಟ್ಟೆಗಳಿಂದ ಬಂದಿರಬೇಕೆಂದು ನನ್ನ ಊಹೆ.

ಹಾಗಂತ ಹಣ ಕೈ ಬದಲಾದರೆ ಸಾಕು, ವ್ಯವಹಾರ ಶುದ್ಧ ಎಂದು ನಾನು ಹೇಳುತ್ತಿಲ್ಲ. ಕ್ಲಾಸಿನಲ್ಲಿ ಪಾಠ ಮಾಡುವ ಮೇಷ್ಟ್ರು ತಮ್ಮದೇ ಪುಸ್ತಕವನ್ನು ವಿದ್ಯಾರ್ಥಿಗಳಿಗೆ ಮಾರುವುದನ್ನು ನೀವು ಕಂಡಿರುತ್ತೀರಿ. ಬೆಲೆ ಇದೆ, ರಿಯಾಯಿತಿಯೂ ಇದೆ. ಆದರೆ ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿರುವಾಗ ಯಾವ ಹುಡುಗಿ ‘ಬೇಡ ಸರ್’ ಎಂದಾಳು? ಸಾಹೇಬರ ಕವನ ಸಂಕಲನವನ್ನು ಇಡೀ ಕಚೇರಿ ಕೊಳ್ಳುವುದೂ ಹೀಗೆಯೇ. ನನ್ನ ಮೊದಲ ಪುಸ್ತಕ ಬಂದಾಗ ನಮ್ಮ ಚಿಕ್ಕಪ್ಪ ‘ನಮ್ಮ ನೆಂಟರಲ್ಲೇ ಇನ್ನೂರು ಪ್ರತಿ ಹೋಗುತ್ತೆ ಕಣೋ’ ಎಂದು ಪಟ್ಟಿ ಮಾಡತೊಡಗಿದ್ದರು. ನಾನು ಒಪ್ಪಲಿಲ್ಲ. ಮದುವೆಗೆ ಮುಯ್ಯಿ ಹಾಕಿದಂತೆ ಅವರು ಕೊಳ್ಳುತ್ತಿದ್ದರು, ನಾಳೆ ಅವರ ಮನೆಯ ಮುಯ್ಯಿಗೆ ನಾನು ಹೋಗಬೇಕು. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಪುಸ್ತಕದ ವ್ಯಾಪಾರವಲ್ಲ.

ಒಳ್ಳೆಯ ಸೀರೆ ಅಂಗಡಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ನಲವತ್ತು ಸೀರೆ ಬಿಚ್ಚಿ ಹಾಕಿ, ‘ತಗೊಳ್ಳದಿದ್ರೂ ಪರವಾಗಿಲ್ಲ, ನೋಡಿಮ್ಮ’ ಎನ್ನುತ್ತಾರೆ. ಚಾಪೆಯಿಂದ ಎದ್ದು ಹೊರಟವರ ಬೆನ್ನ ಹಿಂದೆ ಗೊಣಗದೆ ಸೀರೆ ಮಡಚುವ ಹುಡುಗನಿದ್ದರೆ ಆ ಅಂಗಡಿಗೆ ಜನ ಮತ್ತೆ ಬರುತ್ತಾರೆ. ನಾನು ಟೇಬಲ್ಲಿನ ಹಿಂದೆ ಕೂತು ಕಲಿತದ್ದೂ ಬಹುಮಟ್ಟಿಗೆ ಇಷ್ಟೇ. ಪುಸ್ತಕ ತಿರುವುವವರ ಮುಖ ನೋಡಬಾರದು. ವಾಪಸಿಟ್ಟರೆ ತಕ್ಷಣ ಅದನ್ನು ನೆಟ್ಟಗೆ ಮಾಡಬಾರದು, ತಪ್ಪು ಮಾಡಿದಂತೆ ಅವರಿಗೆ ಅನ್ನಿಸುತ್ತದೆ.

ಲಂಕೇಶರು ವಿಶ್ವವಿದ್ಯಾಲಯದ ಮೇಷ್ಟ್ರಗಿರಿ ಬಿಟ್ಟು 1980ರಲ್ಲಿ ಪತ್ರಿಕೆ ಶುರುಮಾಡಿದಾಗ ಜಾಹೀರಾತು ತೆಗೆದುಕೊಳ್ಳುವುದಿಲ್ಲವೆಂದು ನಿರ್ಧರಿಸಿದರು. ಇದನ್ನು ನಾವು ಸಾಮಾನ್ಯವಾಗಿ ಜಾಹೀರಾತುದಾರರ ಹಂಗಿಲ್ಲದ ಧೈರ್ಯವೆಂದು ಮೆಚ್ಚುತ್ತೇವೆ. ಅದರ ಇನ್ನೊಂದು ಮಗ್ಗುಲಿನ ಬಗ್ಗೆ ಮಾತಾಡುವವರು ಕಡಿಮೆ. ಜಾಹೀರಾತಿಲ್ಲದ ಪತ್ರಿಕೆಗೆ ಅಂಗಡಿಯ ಮುಂದೆ ನಿಂತು ಚಿಲ್ಲರೆ ಎಣಿಸುವ ಓದುಗನೊಬ್ಬನೇ ದಿಕ್ಕು. ಅವನು ಈ ವಾರ ಬೇಡ ಅಂದರೆ ಬೇಡ. ವಾರವಾರವೂ ಹಾಗೆ ತಿರಸ್ಕಾರಕ್ಕೆ ಮೈಯೊಡ್ಡಿ ನಿಲ್ಲುವುದು ಸಣ್ಣ ಎದೆಗಾರಿಕೆಯಲ್ಲ.

ಆದರೆ ನನ್ನ ವಾದದಲ್ಲೊಂದು ತೂತಿದೆ, ಅದು ಧಾರವಾಡದಲ್ಲಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ನಡೆದದ್ದು ಚಂದಾದಾರರನ್ನು ನಂಬಿ. ಚಂದಾ ಎಂದರೆ ಇನ್ನೂ ಕಾಣದ ಪುಸ್ತಕಕ್ಕೆ ಮೊದಲೇ ಹಣ ಕೊಡುವುದು. ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಬಂದದ್ದು ಈ ಮಾಲೆಯಿಂದಲೇ, ಲೇಖಕರಿಗೆ ಆಗ 23 ವರ್ಷ. ಹೆಸರೇ ಕೇಳದ ಹುಡುಗನ ನಾಟಕ ನನ್ನ ಟೇಬಲ್ಲಿನ ಮೇಲಿದ್ದಿದ್ದರೆ ಎಷ್ಟು ಪ್ರತಿ ಹೋಗುತ್ತಿತ್ತು? ಹತ್ತು ಹೋದರೆ ಹೆಚ್ಚು. ಎಲ್ಲವನ್ನೂ ಆಯಾ ಕ್ಷಣದ ಬೇಕು-ಬೇಡಗಳಿಗೆ ಬಿಟ್ಟರೆ ಹೊಸಬರು ಬದುಕುವುದಿಲ್ಲ. ಕರಾವಳಿಯವರಿಗೆ ಇದು ಇನ್ನೊಂದು ಬಗೆಯಲ್ಲಿ ಗೊತ್ತು. ಹರಕೆಯ ಬಯಲಾಟಕ್ಕೆ ಟಿಕೆಟ್ಟಿಲ್ಲ, ಖರ್ಚು ಆಡಿಸುವವರದು. ಟಿಕೆಟ್ಟಿನ ಡೇರೆ ಮೇಳಗಳು ಬಂದ ಮೇಲೆ ಜನಕ್ಕೆ ಬೇಕಾದ ಹೊಸ ಹೊಸ ಪ್ರಸಂಗಗಳು ಬಂದವು, ಅವುಗಳಲ್ಲಿ ಸಿನಿಮಾದ ವಾಸನೆ ಹೊಡೆಯುವವೂ ಇದ್ದವು. ಚಂದಾದಾರರು ಮಾಡಿದ್ದು ಒಂದು ವರ್ಷದ ಮಟ್ಟಿಗೆ ತಮ್ಮ ‘ಬೇಡ’ವನ್ನು ಧಾರವಾಡದ ಆ ಅಟ್ಟದಲ್ಲಿ ಕೂತವರ ಕೈಗೆ ಕೊಟ್ಟದ್ದು. ಮುಂದಿನ ವರ್ಷ ಹಿಂದಕ್ಕೆ ಪಡೆಯಬಹುದಿತ್ತು. ಅಂಥ ನಂಬಿಕೆಯನ್ನು ಗಳಿಸುವ ಬಗೆ ನನಗಿನ್ನೂ ಕೈಗೆ ಹತ್ತಿಲ್ಲ.

ಇನ್ನೂ ಬಿಡಿಸಲಾರದ ಗಂಟೊಂದಿದೆ. ಎಲ್ಲ ‘ಬೇಡ’ವೂ ಮನಸ್ಸಿನಿಂದ ಬರುವುದಿಲ್ಲ, ಕೆಲವು ಜೇಬಿನಿಂದ ಬರುತ್ತವೆ. ಮಲೆನಾಡಿನ ತಾಲೂಕು ಕಾಲೇಜೊಂದರಲ್ಲಿ ಮೂರು ದಿನದ ಪುಸ್ತಕ ಮೇಳವಿತ್ತು. ಬಿ.ಎ. ಓದುವ ಹುಡುಗನೊಬ್ಬ ಒಂದೇ ಕಾದಂಬರಿಯನ್ನು ನಾಲ್ಕು ಸಲ ಎತ್ತಿಕೊಂಡು ಹಿಂದಿನ ಬೆಲೆ ನೋಡಿ ಇಟ್ಟ. ಪುಕ್ಕಟೆ ಕೊಟ್ಟರೆ ಅವೆನ್ಯೂ ರಸ್ತೆಯ ಕವಿಗೂ ನನಗೂ ವ್ಯತ್ಯಾಸವೇನು? ಅರ್ಧ ಬೆಲೆಗೆ ಕೊಡುತ್ತೇನೆಂದರೆ ಅವನ ಜೇಬನ್ನು ನಾಲ್ಕು ಜನರೆದುರು ಹೊರಗೆಳೆದಂತೆ. ಏನೂ ತೋಚದೆ, ‘ನಿಂತು ಓದಬಹುದಪ್ಪ, ಅದಕ್ಕೇನು ದುಡ್ಡಿಲ್ಲ’ ಎಂದೆ. ಮೂರೂ ದಿನ ಬಿಡುವಿನಲ್ಲೆಲ್ಲ ಬಂದು, ಟೇಬಲ್ಲಿನ ಮೂಲೆಯಲ್ಲಿ ನಿಂತು, ಸಂಜೆ ಬಸ್ಸಿನ ಹೊತ್ತಿನವರೆಗೆ ಓದಿದ. ಕೊನೆಯ ದಿನ ನಾನು ಪೆಟ್ಟಿಗೆ ಕಟ್ಟುವಾಗ ಪುಸ್ತಕವನ್ನು ಅದರ ಜಾಗದಲ್ಲಿಟ್ಟು, ‘ಥ್ಯಾಂಕ್ಸ್ ಸರ್. ಆದ್ರೆ ಅರ್ಧದ ಮೇಲೆ ಸ್ವಲ್ಪ ಎಳೆದಿದ್ದಾರೆ’ ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ಮುಂದಿನ ಊರಿನಲ್ಲಿ ಒಬ್ಬರು ಅದೇ ಕಾದಂಬರಿ ಹೇಗಿದೆ ಎಂದು ಕೇಳಿದಾಗ ನಾನು ಅದನ್ನೇ ಹೇಳಿದೆ. ಅವರು ಪುಟ ತಿರುವಿ, ನಕ್ಕು, ಬೇರೆಯದನ್ನು ತೆಗೆದುಕೊಂಡು ಹೋದರು.