ತನ್ನನ್ನೂ ಸೇರಿಸಿ ಎಣಿಸುವ ನಗೆ

ಭಕ್ತಿಗೂ ನಗೆಗೂ ಹೊಂದಾಣಿಕೆಯಾದೀತೇ ಎಂಬ ಪ್ರಶ್ನೆ ಕ್ರೈಸ್ತ ಚಿಂತನೆಯಲ್ಲಿ ಬಹು ಹಿಂದಿನಿಂದಲೂ ಇದೆ. ನಾಲ್ಕನೆಯ ಶತಮಾನದ ಬೋಧಕ ಯೋಹಾನ ಕ್ರಿಸೊಸ್ತೊಮನು, ಯೇಸು ಅತ್ತದ್ದನ್ನು ಸುವಾರ್ತೆಗಳು ದಾಖಲಿಸಿವೆಯೇ ಹೊರತು ನಕ್ಕದ್ದನ್ನು ಎಲ್ಲಿಯೂ ಹೇಳಿಲ್ಲವೆಂದು ತೋರಿಸಿ, ವಿಶ್ವಾಸಿಗಳು ನಗೆಯ ವಿಷಯದಲ್ಲಿ ಎಚ್ಚರದಿಂದಿರಬೇಕೆಂದು ಕಲಿಸಿದನು. ಆರನೆಯ ಶತಮಾನದಲ್ಲಿ ಸಂತ ಬೆನೆದಿಕ್ತನು ರಚಿಸಿದ ಮಠನಿಯಮವು ದೈನ್ಯದ ಹನ್ನೆರಡು ಮೆಟ್ಟಿಲುಗಳಲ್ಲಿ ಬೇಗನೆ ನಗದಿರುವುದನ್ನೂ ಒಂದು ಮೆಟ್ಟಿಲಾಗಿ ಇಟ್ಟಿತು. ಆದರೆ 13ನೆಯ ಶತಮಾನದ ತೋಮಸ್ ಅಕ್ವಿನಾಸನು ಅರಿಸ್ಟಾಟಲನಿಂದ ಯೂತ್ರಪೇಲಿಯ ಎಂಬ ಪರಿಕಲ್ಪನೆಯನ್ನು, ಎಂದರೆ ಹೊತ್ತು, ಜಾಗ ಮತ್ತು ಎದುರಿನವರನ್ನು ಅರಿತು ಹದವಾಗಿ ವಿನೋದಪಡುವ ಗುಣವನ್ನು, ಎತ್ತಿಕೊಂಡು ಅದನ್ನು ಸದ್ಗುಣಗಳ ಸಾಲಿಗೆ ಸೇರಿಸಿದ್ದಲ್ಲದೆ, ತಾನೂ ನಗದೆ ಇತರರ ನಗೆಗೂ ಅಡ್ಡಬರುವವನಲ್ಲಿ ದೋಷವಿದೆಯೆಂದೂ ವಾದಿಸಿದನು. ನಗಬೇಕೋ ಬೇಡವೋ ಎಂಬಲ್ಲಿಗೆ ಈ ಚರ್ಚೆಯನ್ನು ನಿಲ್ಲಿಸಿದರೆ ಹೆಚ್ಚೇನೂ ದೊರೆಯದು. ನಗುವವನು ಯಾರನ್ನು ಕುರಿತು ನಗುತ್ತಾನೆ, ಆ ಲೆಕ್ಕದಲ್ಲಿ ತನ್ನನ್ನು ಸೇರಿಸಿಕೊಂಡಿದ್ದಾನೆಯೇ ಎಂದು ಕೇಳಿದಾಗ ಮಾತ್ರ ಅದು ಧರ್ಮದ ಪ್ರಶ್ನೆಯಾಗುತ್ತದೆ.

ಈ ಪ್ರಶ್ನೆಯನ್ನು ಬಿಡಿಸಿ ನೋಡಲು ತೊಪ್ಪೂರಿನಂಥ ಗಡಿಸೀಮೆ ಒಳ್ಳೆಯ ನೆಲೆ. ಹಿಂದೆ ಬಾರಾಮಹಲ್ ಎಂದು ಹೆಸರಾಗಿದ್ದ ಧರ್ಮಪುರಿಯ ಎತ್ತರದ ಸೀಮೆಯಿಂದ ಸೇಲಂ ಬಯಲಿಗೆ ಇಳಿಯುವ ಘಾಟಿ ಇಲ್ಲಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ತಮಿಳಿನ ಜೊತೆಗೆ ಕನ್ನಡವೂ ತೆಲುಗೂ ಮನೆಮಾತುಗಳಾಗಿ ಉಳಿದಿವೆ. 17ನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಆರಂಭಿಸಿದ ಮೈಸೂರು ಮಿಷನ್ ಧರ್ಮಪುರಿ ಸೀಮೆಯವರೆಗೂ ಹಬ್ಬಿತ್ತು. ಇಂದಿನ ಧರ್ಮಪುರಿ ಕಥೋಲಿಕ ಧರ್ಮಪ್ರಾಂತ್ಯ 1997ರಲ್ಲಿ ಸೇಲಂ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ರೂಪುಗೊಂಡಿತು. ತಮಿಳು ನಾಡಿನ ಕ್ರೈಸ್ತರ ವಿನೋದಕ್ಕೆ ಮೂಲಗ್ರಂಥವೆನ್ನಬಹುದಾದ ಕೃತಿಯೂ ಯೇಸುಸಭೆಯವನೊಬ್ಬನದೇ. ವೀರಮಾಮುನಿವರ್ ಎಂದು ತಮಿಳರು ಗೌರವಿಸುವ ಕಾನ್‌ಸ್ಟಂಟೈನ್ ಬೆಸ್ಕಿ, 1680ರಿಂದ 1747ರವರೆಗೆ ಬಾಳಿದವನು, ಸಂತ ಯೋಸೇಫನನ್ನು ಕುರಿತ ತೇಂಬಾವಣಿ ಎಂಬ ಮಹಾಕಾವ್ಯವನ್ನು ಬರೆದ ಕೈಯಿಂದಲೇ ಪರಮಾರ್ಥ ಗುರುವಿನ ಕಥೆಯನ್ನೂ ಆಡುಮಾತಿಗೆ ಹತ್ತಿರವಾದ ಗದ್ಯದಲ್ಲಿ ಬರೆದನು. ಬೆಂಜಮಿನ್ ಬ್ಯಾಬಿಂಗ್ಟನ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ 1822ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು.

ಆ ಕಥೆಯಲ್ಲಿ ಒಬ್ಬ ಗುರು, ಐವರು ಶಿಷ್ಯರು. ನದಿ ಎಚ್ಚರವಾಗಿದೆಯೋ ನಿದ್ರಿಸುತ್ತಿದೆಯೋ ಎಂದು ತಿಳಿಯಲು ಅವರು ಉರಿಯುವ ಕೊಳ್ಳಿಯನ್ನು ನೀರಿಗೆ ಅದ್ದುತ್ತಾರೆ. ಚುಯ್ ಎಂಬ ಸದ್ದು ಕೇಳಿ, ನದಿ ಎಚ್ಚೆತ್ತು ಸಿಟ್ಟಾಗಿದೆಯೆಂದು ಹೆದರಿ ದಡದಲ್ಲೇ ಕಾಯುತ್ತಾರೆ. ಆಮೇಲೆ ಅದೇ ಆರಿದ ಕೊಳ್ಳಿಯನ್ನು ಅದ್ದಿ, ಸದ್ದಾಗದ್ದರಿಂದ ನದಿಗೆ ನಿದ್ದೆ ಬಂದಿದೆಯೆಂದು ನಿಶ್ಚಯಿಸಿ ಸದ್ದಿಲ್ಲದೆ ದಾಟುತ್ತಾರೆ. ದಾಟಿದ ಮೇಲೆ ಒಬ್ಬನು ತನ್ನನ್ನು ಬಿಟ್ಟು ಎಣಿಸಿ ಐವರನ್ನಷ್ಟೇ ಕಾಣುತ್ತಾನೆ. ಎಷ್ಟು ಸಲ ಎಣಿಸಿದರೂ ಐವರೇ ಸಿಗುವುದರಿಂದ, ಒಬ್ಬನನ್ನು ನದಿ ನುಂಗಿತೆಂದು ಎಲ್ಲರೂ ಗೋಳಾಡುತ್ತಾರೆ. ದಾರಿಹೋಕನೊಬ್ಬನು ಒಬ್ಬೊಬ್ಬನಿಗೂ ಪೆಟ್ಟು ಕೊಟ್ಟು, ಪೆಟ್ಟು ತಿಂದವನಿಂದಲೇ ಲೆಕ್ಕ ಹೇಳಿಸಿ ಆರೂ ಮಂದಿ ಇರುವುದನ್ನು ತೋರಿಸಿಕೊಡಬೇಕಾಗುತ್ತದೆ.

ಈ ಎಣಿಕೆಯ ಕಥೆ ಬೆಸ್ಕಿಗಿಂತ ಬಹಳ ಹಳೆಯದು ಮತ್ತು ಕನ್ನಡ ನಾಡಿಗೆ ತೀರ ಪರಿಚಿತವಾದದ್ದು. ಶೃಂಗೇರಿ ಪೀಠದೊಡನೆ ಹೆಸರು ಬೆಸೆದುಕೊಂಡಿರುವ 14ನೆಯ ಶತಮಾನದ ವಿದ್ಯಾರಣ್ಯರು ಪಂಚದಶಿಯಲ್ಲಿ ಹತ್ತನೆಯವನ ದೃಷ್ಟಾಂತವೆಂದು ಇದನ್ನೇ ಬಳಸಿದ್ದಾರೆ: ನದಿ ದಾಟಿದ ಹತ್ತು ಮಂದಿಯಲ್ಲಿ ಎಣಿಸುವವನು ಒಂಬತ್ತರಲ್ಲೇ ನಿಂತು ಶೋಕಿಸುತ್ತಾನೆ, ಹತ್ತನೆಯವನು ನೀನೇ ಎಂದು ಆಪ್ತನೊಬ್ಬನು ಹೇಳಿದಾಗ ಶೋಕ ಕಳೆಯುತ್ತದೆ. ಅದ್ವೈತಿಗೆ ಇದು ಆತ್ಮಜ್ಞಾನದ ಮಾದರಿ, ಪಾದ್ರಿಗೆ ನಗೆಯ ಸಾಮಗ್ರಿ. ಇಬ್ಬರ ದರ್ಶನಗಳ ನಡುವಿನ ಅಂತರ ದೊಡ್ಡದಾದರೂ, ಮನುಷ್ಯನ ಕಣ್ಣಿಗೆ ಬೀಳದೆ ಉಳಿಯುವುದು ಅವನೇ ಎಂಬ ತಿಳಿವಳಿಕೆಯಲ್ಲಿ ಇಬ್ಬರೂ ಒಂದಾಗುತ್ತಾರೆ. ಸೋದರನ ಕಣ್ಣಿನ ರವೆಯನ್ನು ತೆಗೆಯಲು ಹೊರಟವನು ತನ್ನ ಕಣ್ಣಿನ ತೊಲೆಯನ್ನು ಕಾಣನೆಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ಮಾತು ಇದೇ ಎಣಿಕೆಯ ತಪ್ಪನ್ನು ಕುರಿತದ್ದು. ತೊಲೆ ಹೊತ್ತ ಕಣ್ಣಿನವನು ಇನ್ನೊಬ್ಬನ ಮುಖದ ಮೇಲೆ ಬಾಗಿ ನಿಲ್ಲುವ ಚಿತ್ರವನ್ನು ಮನಸ್ಸಿನಲ್ಲಿ ಬಿಡಿಸಿಕೊಂಡವರು, ಯೇಸು ನಕ್ಕ ದಾಖಲೆಯಿಲ್ಲವೆಂಬ ಕ್ರಿಸೊಸ್ತೊಮನ ಮಾತನ್ನು ಒಪ್ಪಿಯೂ, ಕೇಳಿದವರನ್ನು ಆತ ನಗಿಸಿರಲಾರನೆಂದು ನಂಬುವುದು ಕಷ್ಟ.

ಬೈಬಲಿನ ಇಂಥ ನಗೆ ಮನೆಯೊಳಗಿನ, ದಿನನಿತ್ಯದ ನಗೆ. ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದಲ್ಲಿ, ಪೇತ್ರನು ಸೆರೆಯಿಂದ ಬಿಡುಗಡೆಯಾಗಲೆಂದು ಒಳಗೆ ಎಲ್ಲರೂ ಪ್ರಾರ್ಥಿಸುತ್ತಿರುವಾಗ ಪೇತ್ರನೇ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ದಾಸಿ ಅವನ ದನಿ ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದರೆ, ಪ್ರಾರ್ಥಿಸುತ್ತಿದ್ದವರು ಅವಳಿಗೆ ಹುಚ್ಚೆನ್ನುತ್ತಾರೆ. ತಾವು ಬೇಡಿದ್ದು ದೊರೆತಾಗ ತಾವೇ ನಂಬದವರನ್ನು ಗ್ರಂಥಕರ್ತನು ಬಯ್ಯುವುದಿಲ್ಲ, ತಟ್ಟುತ್ತಲೇ ನಿಂತ ಪೇತ್ರನನ್ನು ತೋರಿಸಿ ಸುಮ್ಮನಾಗುತ್ತಾನೆ. ಅದೇ ಗ್ರಂಥದಲ್ಲಿ ಪೌಲನ ಪ್ರಸಂಗ ನಡುರಾತ್ರಿಯವರೆಗೂ ಸಾಗಿದಾಗ ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ತರುಣ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬೀಳುತ್ತಾನೆ. ಅವನು ಬದುಕಿಕೊಂಡದ್ದರಿಂದಲೇ ಆ ಪ್ರಸಂಗದ ಉದ್ದವನ್ನು ನೆನೆದು ನಗಲು ಎರಡು ಸಾವಿರ ವರ್ಷಗಳ ವಿಶ್ವಾಸಿಗಳಿಗೆ ಸಾಧ್ಯವಾಗಿದೆ. ಭಾನುವಾರದ ಪೂಜೆಯಲ್ಲಿ ತೂಕಡಿಸಿ ಪಕ್ಕದವಳ ಮೊಣಕೈ ತಿವಿತಕ್ಕೆ ಎಚ್ಚರವಾಗುವ ಗಂಡನೂ, ತೂಕಡಿಕೆಗೆ ಕಾರಣವಾದ ಪ್ರಸಂಗವನ್ನು ಮಾಡಿದ ಸ್ವಾಮಿಗಳೂ ಒಟ್ಟಿಗೆ ನಗಬಹುದಾದ ಕಥೆ ಅದು.

ಬೆಸ್ಕಿಯ ಕೃತಿಯಲ್ಲಿ ಧರ್ಮಕ್ಕೆ ಇನ್ನೂ ಹತ್ತಿರದ ಪ್ರಸಂಗವೊಂದಿದೆ. ಕುದುರೆಯ ಮೇಲೆ ಹೋಗುವಾಗ ಗುರುವಿನ ರುಮಾಲು ಬೀಳುತ್ತದೆ. ಎತ್ತಿಕೊಳ್ಳಲು ಅಪ್ಪಣೆಯಾಗಿರಲಿಲ್ಲವೆಂದು ಶಿಷ್ಯರು ಅದನ್ನು ಬಿಟ್ಟು ಬರುತ್ತಾರೆ. ಬಿದ್ದದ್ದನ್ನೆಲ್ಲ ಎತ್ತಬೇಕೆಂದು ಗುರು ಗದರಿದಾಗ ಕುದುರೆಯ ಲದ್ದಿಯನ್ನೂ ಎತ್ತಿಟ್ಟುಕೊಳ್ಳುತ್ತಾರೆ. ಕಡೆಗೆ ಎತ್ತಬೇಕಾದವುಗಳ ಪಟ್ಟಿಯನ್ನು ಗುರುವೇ ಬರೆದುಕೊಡಬೇಕಾಗುತ್ತದೆ. ಮುಂದೆ ಗುರುವೇ ಗುಂಡಿಗೆ ಬಿದ್ದಾಗ ಶಿಷ್ಯರು ಪಟ್ಟಿ ಓದಿ ಅವನ ಬಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ, ಅವನನ್ನು ಮಾತ್ರ ಬಿಡುತ್ತಾರೆ, ಏಕೆಂದರೆ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಗುಂಡಿಯೊಳಗಿಂದಲೇ ತನ್ನನ್ನೂ ಪಟ್ಟಿಗೆ ಸೇರಿಸಿ ಬರೆದುಕೊಟ್ಟ ಮೇಲೆಯೇ ಅವನಿಗೆ ಬಿಡುಗಡೆ. ಅಕ್ಷರ ಕೊಲ್ಲುತ್ತದೆ, ಆತ್ಮ ಬದುಕಿಸುತ್ತದೆ ಎಂಬ ಪೌಲನ ಬೋಧೆಗೆ, ಅಂದರೆ ನಿಯಮದ ಒಡಲನ್ನು ಹಿಡಿದು ಅದರ ಉದ್ದೇಶವನ್ನು ಬಿಟ್ಟರೆ ಧರ್ಮ ಸಾಯುತ್ತದೆಂಬ ಬೋಧೆಗೆ, ಇದಕ್ಕಿಂತ ಬಲವಾದ ಭಾಷ್ಯ ದೊರೆಯುವುದು ಅಪರೂಪ. ಉಪವಾಸದ ದಿನಗಳಲ್ಲಿ ಮಾಂಸ ಬಿಟ್ಟು ಮುನಿಸನ್ನು ಉಳಿಸಿಕೊಂಡ ಮನೆಯವರೆಲ್ಲರೂ ಆ ಶಿಷ್ಯರ ಪೈಕಿಯವರೇ.

ನಗೆಗೆ ಎಲ್ಲೆಯೂ ಇದೆ. ತೊಪ್ಪೂರು ಘಾಟಿಯ ಇಳಿಜಾರು ಲಾರಿಗಳ ಅಪಘಾತಗಳಿಗೆ ಕುಖ್ಯಾತವಾದದ್ದು; ಡೀಸೆಲ್ ಉಳಿಸಲೆಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಸುವುದು ಅಲ್ಲಿ ಜೀವಕ್ಕೇ ಎರವಾಗುತ್ತದೆ. ಮುಂದಿನ ಗಾಜಿನ ಮೇಲೆ ಶಿಲುಬೆಯ ಚಿತ್ರ ಅಂಟಿಸಿ, ಕೈ ಮುಗಿದು, ನ್ಯೂಟ್ರಲ್‌ನಲ್ಲಿ ಇಳಿಯುವವನನ್ನು ಕುರಿತು ಘಾಟಿಯ ಮೇಲುಗಡೆ, ಅವನು ಇನ್ನೂ ಗೇರ್ ಹಾಕಬಹುದಾದಾಗ, ನಗುವುದು ಉಪಕಾರ. ದೇಗುಲದ ತುದಿಯಿಂದ ಧುಮುಕೆಂದು ಸೈತಾನನು ಪ್ರಚೋದಿಸಿದಾಗ ದೇವರನ್ನು ಪರೀಕ್ಷಿಸಬಾರದೆಂದು ಯೇಸು ಕೊಟ್ಟ ಉತ್ತರವೂ ಅದೇ ಎಚ್ಚರಿಕೆ. ಘಾಟಿಯ ಕೆಳಗೆ, ಬಿದ್ದ ಗಾಡಿಯ ಪಕ್ಕದಲ್ಲಿ, ಅದೇ ಮಾತು ಪಾಪವಾಗುತ್ತದೆ.

ಬೆಸ್ಕಿಯ ಮೇಲೂ ಈ ಮಾನದಂಡವನ್ನು ಪ್ರಯೋಗಿಸಲೇಬೇಕು, ಏಕೆಂದರೆ ಮತಪ್ರಚಾರಕನೊಬ್ಬನು ಈ ನಾಡಿನ ಮಠದ ಗುರುವನ್ನು ನಗೆಪಾಟಲು ಮಾಡಿದ್ದು ಅನ್ಯಧರ್ಮದ ಹಳಿವೆಂದು ಓದಿಸಿಕೊಳ್ಳುವ ಅಪಾಯ ನಿಜವಾಗಿಯೂ ಇದೆ. 2024ರ ಜೂನ್ 14ರಂದು ಹಾಸ್ಯಕಲಾವಿದರನ್ನು ವ್ಯಾಟಿಕನ್ನಿಗೆ ಕರೆಸಿಕೊಂಡಾಗ ಪೋಪ್ ಫ್ರಾನ್ಸಿಸರು, ಪ್ರೀತಿಪಾತ್ರರೊಡನೆ ವಿನೋದವಾಡುವಂತೆ ದೇವರೊಡನೆಯೂ ವಿನೋದವಾಡಬಹುದು, ಆದರೆ ವಿಶ್ವಾಸಿಗಳ, ವಿಶೇಷವಾಗಿ ಬಡವರ, ಧಾರ್ಮಿಕ ಭಾವನೆಗಳನ್ನು ನೋಯಿಸಬಾರದೆಂದು ಹೇಳಿದರು. ತಮಿಳು ಮಕ್ಕಳು ಮತಭೇದವಿಲ್ಲದೆ ಪರಮಾರ್ಥ ಗುರುವನ್ನು ತಮ್ಮವನನ್ನಾಗಿ ಮಾಡಿಕೊಂಡಿರುವುದು ಬೆಸ್ಕಿಯ ಪರವಾದ ಸಾಕ್ಷ್ಯವೇ ಸರಿ. ಹಾಗಿದ್ದರೂ ಕ್ರೈಸ್ತ ಮನೆಗಳಲ್ಲಿ ಆ ಕಥೆಯನ್ನು ಹೇಳುವವರು ಗುಂಡಿಗೆ ಬಿದ್ದ ಗುರುವಿಗೆ ತಮ್ಮ ಸ್ವಾಮಿಗಳ ಬಿಳಿ ನಿಲುವಂಗಿಯನ್ನೇ ತೊಡಿಸಿ, ಪಟ್ಟಿ ಹಿಡಿದ ಶಿಷ್ಯರಿಗೆ ತಮ್ಮ ಮನೆಯವರ ಹೆಸರುಗಳನ್ನೇ ಇಡುವುದು ಲೇಸು. ಕಥೆಯಲ್ಲಿ ಮತ್ತೇನನ್ನೂ ಬದಲಿಸಬೇಕಾಗಿ ಬರುವುದಿಲ್ಲ.