ಉಪವಾಸವೂ ಒಂದು ಕಪ್ ಚಾಕೊಲೇಟೂ



ಕಳೆದ ತಪಸ್ಸುಕಾಲದ ಒಂದು ಶುಕ್ರವಾರ. ಶಿಲುಬೆಯ ಹಾದಿ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ನಾಲ್ವರು ಯುವಜನರು ನನ್ನನ್ನು ಹುಬ್ಬಳ್ಳಿಯ ಒಂದು ಇಟಾಲಿಯನ್ ಹೋಟೆಲಿಗೆ ಕರೆದೊಯ್ದರು. ಗಿರ್ಮಿಟ್ಟು, ಮಿರ್ಚಿಗಳಿಗೆ ಒಗ್ಗಿದ ನನಗೆ ಅದೊಂದು ಹೊಸ ಲೋಕ. ಅವರಲ್ಲೊಬ್ಬ ಸ್ವಇಚ್ಛೆಯಿಂದ ಆ ದಿನವಿಡೀ ಉಪವಾಸವಿದ್ದ. "ನನಗ ಬಿಸಿ ಚಾಕೊಲೇಟ್ ಸಾಕ್ರಿ. ಕುಡಿಯೂದಕ್ಕ ಅಡ್ಡಿ ಇಲ್ಲಲ್ರಿ" ಎಂದ.

ಕಪ್ ಬಂತು. ಇಟಲಿಯ ರೀತಿಯಲ್ಲಿ ಮಾಡಿದ್ದು, ಅಂಬಲಿಗಿಂತ ಗಟ್ಟಿ. ಚಮಚವಿಲ್ಲದೆ ಆಗದು. ಹುಡುಗ ಪೇಚಿಗೆ ಸಿಕ್ಕಿದ. "ಫಾದರ್, ಇದು ಕುಡಿಯೂದೋ, ತಿನ್ನೂದೋ? ಉಪವಾಸ ಮುರೀತೇನ್ರಿ?"

ಗುರುಮಠದಲ್ಲಿ ಓದಿದವನಿಗೆ ಇಂಥ ಅವಕಾಶ ಮತ್ತೆ ಸಿಕ್ಕೀತೇ? ನಾನು ಶುರುಮಾಡಿದೆ. ಚಾಕೊಲೇಟ್ ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದು ಪಾನೀಯವಾಗಿ. ಆಗ ಇದೇ ಪ್ರಶ್ನೆ ದೈವಶಾಸ್ತ್ರಜ್ಞರನ್ನು ಕಾಡಿತು. 1636ರಲ್ಲಿ ಸ್ಪೇನಿನ ಆಂಟೋನಿಯೊ ದೆ ಲಿಯೋನ್ ಪಿನೆಲೊ ಇದರ ಮೇಲೆಯೇ ಒಂದು ಪುಸ್ತಕ ಬರೆದ. 1664ರಲ್ಲಿ ರೋಮಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಕಾರ್ಡಿನಲ್ ಬ್ರಂಕಾಚ್ಚೊ ಅವರು, ಚಾಕೊಲೇಟ್ ಪಾನೀಯವೇ, ಪಾನೀಯದಿಂದ ಉಪವಾಸ ಮುರಿಯುವುದಿಲ್ಲ ಎಂದು ವಾದಿಸಿದರು. ಇಂದು ಧರ್ಮಸಭೆ ಕಡ್ಡಾಯ ಉಪವಾಸವನ್ನು ವಿಧಿಸುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಮಾತ್ರ. ಹೀಗೆ ಅರ್ಧ ತಾಸು ವಿವರಿಸಿದೆ. ಯುವಜನರು ತಲೆದೂಗಿದರು. ನನ್ನ ಕಪ್ ಕೂಡ ಖಾಲಿಯಾಗಿತ್ತು.

ಕಪ್‌ಗಳನ್ನು ಎತ್ತಲು ಬಡಿಸುವ ಹುಡುಗ ಬಂದ. ಅಲ್ಲಿಯವರೆಗೆ ನಾನು ಅವನ ಮುಖವನ್ನೇ ನೋಡಿರಲಿಲ್ಲ. ಮಾತಿಗೆಂದು ಕೇಳಿದೆ: "ಊಟ ಆತೇನಪಾ?"

"ಇಲ್ರೀ. ಮಧ್ಯಾಹ್ನನೂ ಗಡಿಬಿಡ್ಯಾಗ ಆಗ್ಲಿಲ್ಲ. ಗಿರಾಕಿ ಎಲ್ಲಾ ಹೋದ ಮ್ಯಾಲ ಮಾಡ್ತೀನ್ರಿ."

ತಿರುಗಿ ನೋಡಿದೆ. ಉಳಿದ ಮೇಜುಗಳೆಲ್ಲ ಖಾಲಿ. ಉಳಿದಿದ್ದ ಗಿರಾಕಿಗಳು ನಾವೇ. ಉಪವಾಸದ ಬಗ್ಗೆ ನಾನು ಮಾಡಿದ ಉಪನ್ಯಾಸವೇ ಒಬ್ಬ ಹಸಿದವನ ಅನ್ನವನ್ನು ಅರ್ಧ ತಾಸು ತಡೆದಿತ್ತು. ಯಾರೂ ಮಾತಾಡಲಿಲ್ಲ, ಎದ್ದು ಹೊರಟೆವು.

ಪ್ರಿಯರೇ, ಆ ಕಾರ್ಡಿನಲ್ಲರ ಉತ್ತರದಲ್ಲಿ ತಪ್ಪಿರಲಿಲ್ಲ. ಆದರೆ ನಿಯಮ ನಮಗೆ ಬಾಗಿಲು ತೋರಿಸುತ್ತದೆ. ಒಳಗೆ ಹೋಗಬೇಕಾದವರು ನಾವು. ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು ತೆರೆದು ಓದಿ. ಉಪವಾಸದ ದಿನವೇ ಆಳುಗಳನ್ನು ದುಡಿಸಿಕೊಳ್ಳುವವರನ್ನು ದೇವರು ಅಲ್ಲಿ ಖಂಡಿಸುತ್ತಾರೆ. ಹಸಿದವನೊಡನೆ ಅನ್ನ ಹಂಚಿಕೊಳ್ಳುವುದೇ ತಮಗೆ ಮೆಚ್ಚಿಗೆಯಾದ ಉಪವಾಸ ಎನ್ನುತ್ತಾರೆ. 'ಏನನ್ನು ಬಿಟ್ಟೆ?' ಎಂಬ ಪ್ರಶ್ನೆಯ ಪಕ್ಕದಲ್ಲೇ 'ಯಾರಿಗಾಗಿ ಬಿಟ್ಟೆ?' ಎಂಬ ಪ್ರಶ್ನೆಯೂ ಇದೆ.

ಹೋಟೆಲಿನ ಮಾತು ಬಿಡಿ, ನಮ್ಮ ಮನೆಗಳಲ್ಲಿ ಏನು ನಡೆದಿದೆ? ಎಲ್ಲರಿಗೂ ಬಡಿಸಿ ಕೊನೆಗೆ ಆರಿದ ಅನ್ನ ಉಣ್ಣುವ ತಾಯಿಯ ಉಪವಾಸವನ್ನು ಯಾರು ಲೆಕ್ಕ ಇಟ್ಟಿದ್ದಾರೆ? ಪಾತ್ರೆ ತಿಕ್ಕಲು ಬರುವ ಅಕ್ಕ ಬೆಳಿಗ್ಗೆ ಏನಾದರೂ ತಿಂದು ಬಂದಿದ್ದಾಳೆಯೇ? ಗುರುಮನೆಯಲ್ಲಿ ನನಗೆ ಅಡಿಗೆ ಮಾಡಿಕೊಡುವವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆಂದು, ನಿಜ ಹೇಳಬೇಕೆಂದರೆ, ಆ ರಾತ್ರಿಯವರೆಗೆ ನಾನೂ ವಿಚಾರಿಸಿರಲಿಲ್ಲ.

ಪುನರುತ್ಥಾನರಾದ ಯೇಸುಸ್ವಾಮಿ ಸರೋವರದ ದಡದಲ್ಲಿ ಮಾಡಿದ್ದನ್ನು ನೆನೆಯಿರಿ. ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರಿಗಾಗಿ ಕೆಂಡದ ಮೇಲೆ ಮೀನು ಸಿದ್ಧವಿತ್ತು. ತಮ್ಮನ್ನು ಪ್ರೀತಿಸುತ್ತೀಯಾ ಎಂದು ಅವರು ಪೇತ್ರನನ್ನು ಕೇಳಿದ್ದು ಊಟವಾದ ಮೇಲೆ. ಮೊದಲು ಅನ್ನ, ಆಮೇಲೆ ಪ್ರಶ್ನೆ.

ಬರುವ ಶುಕ್ರವಾರ ನೀವು ಚಾಕೊಲೇಟ್ ಬಿಡಿ, ಚಹಾ ಬಿಡಿ, ಒಳ್ಳೆಯದೇ. ಆದರೆ ಅದಕ್ಕೂ ಮುಂಚೆ ನಿಮಗೆ ಬಡಿಸುವವರ ಮುಖ ನೋಡಿ ಒಂದು ಮಾತು ಕೇಳಿ: "ನಿಮ್ಮ ಊಟ ಆತೇನು?" ಇಲ್ಲ ಎಂದರೆ, ನಿಮ್ಮ ಪಕ್ಕದಲ್ಲೇ ಒಂದು ತಟ್ಟೆ ಇಡಿ.