ಮೂರರ ಬುದ್ಧಿ, ಯಾರ ಹೊಣೆ?

‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ.’

ನಮ್ಮ ಮನೆಗಳಲ್ಲಿ ಈ ಗಾದೆ ಹೆಚ್ಚಾಗಿ ಕೇಳಿಬರುವುದು ದೂರಿನ ದನಿಯಲ್ಲಿ. ಮೊಂಡು ಹಿಡಿದ ಮಗನನ್ನೋ, ಎಪ್ಪತ್ತಾದರೂ ಸಿಡುಕು ಬಿಡದ ಮಾವನನ್ನೋ ತೋರಿಸಿ, ‘ಹುಟ್ಟುಗುಣ, ಇನ್ನೇನು ಬದಲಾದೀತು’ ಎಂದು ಕೈಚೆಲ್ಲುವಾಗ ಇದು ನಾಲಗೆಗೆ ಬರುತ್ತದೆ. ಆದರೆ ಗಾದೆ ಹುಟ್ಟುಗುಣದ ಮಾತೇ ಎತ್ತಿಲ್ಲ. ಹುಟ್ಟಿದ ಗಳಿಗೆಯನ್ನು ಬಿಟ್ಟು ಮೂರು ವರ್ಷ ಎಣಿಸಿದೆ. ಆ ಮೂರು ವರ್ಷ ಕೂಸು ಯಾರ ಮಡಿಲಲ್ಲಿತ್ತು, ಏನು ಕೇಳಿಸಿಕೊಂಡಿತು, ಅತ್ತಾಗ ಯಾರು ಓಡಿಬಂದರು ಎನ್ನುವುದೆಲ್ಲ ಈ ಎಣಿಕೆಯೊಳಗೆ ಸೇರುತ್ತದೆ.

ಕೇಳಿಸಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಮಾತಿನ ಶಿಶುಗಳಿಗೆ ಹಿಂದಿಯ ‘ತ’, ‘ಟ’ ಕೇಳಿಸಿ, ಕಂಡದ್ದನ್ನು 1984ರಲ್ಲಿ ಪ್ರಕಟಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡರ ಅಂತರವನ್ನು ಚೆನ್ನಾಗಿ ಹಿಡಿದವು. ವರ್ಷ ತುಂಬುತ್ತಿದ್ದವುಗಳಲ್ಲಿ ಹೆಚ್ಚಿನವಕ್ಕೆ ಅದು ಸಿಕ್ಕಲಿಲ್ಲ. ಮನೆಯಲ್ಲಿ ಯಾರೂ ಆಡದ ದನಿಯನ್ನು ಅಷ್ಟರಲ್ಲೇ ಕಿವಿ ಕೈಬಿಟ್ಟಿತ್ತು. ನಮ್ಮ ಮಕ್ಕಳಿಗೆ ಆ ಅಂತರ ಉಳಿದಿದ್ದರೆ ಅದು ಅಜ್ಜಿ, ಅಕ್ಕಂದಿರ ಬಿಡುವಿಲ್ಲದ ಮಾತಿನ ಫಲ.

ಮಾತಾಡಿಸುವವರೇ ಇಲ್ಲದಿದ್ದರೆ? 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಉರುಳಿದಾಗ ರುಮೇನಿಯಾದ ಅನಾಥಾಲಯಗಳ ಸ್ಥಿತಿ ಜಗತ್ತಿಗೆ ಕಂಡಿತು. ಅಲ್ಲಿ ಎಳೆಗೂಸುಗಳು ಎತ್ತಿಕೊಳ್ಳುವ ಕೈಯಿಲ್ಲದೆ ತೊಟ್ಟಿಲಲ್ಲೇ ದಿನ ಕಳೆಯುತ್ತಿದ್ದವು. ಮುಂದೆ ಬುಕಾರೆಸ್ಟ್‌ನಲ್ಲಿ ಸಂಶೋಧಕರು ಅಂಥ 136 ಮಕ್ಕಳ ಬೆಳವಣಿಗೆಯನ್ನು ಅಭ್ಯಸಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಸೇರಿಸಲಾಯಿತು. ಅವರ ಬುದ್ಧಿಶಕ್ತಿ ಚೇತರಿಸಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಆ ಚೇತರಿಕೆ ಎದ್ದು ಕಂಡಿತು. ಹುಟ್ಟು ಯಾವುದೇ ಇರಲಿ, ಎತ್ತಿಕೊಳ್ಳುವ ಕೈ ಬೇಗ ಸಿಕ್ಕಷ್ಟೂ ಒಳ್ಳೆಯದಾಯಿತು.

ಆದ್ದರಿಂದ ಈ ಗಾದೆಯ ಗುರಿ ಮಗುವಲ್ಲ, ಸುತ್ತಲಿನ ದೊಡ್ಡವರು. ಸರ್ಕಾರವೂ ಅವರಲ್ಲೊಬ್ಬರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. ಆದರೆ ಅಂಗನವಾಡಿಯ ಹಾಡು, ಆಟ, ಪಾಠ ಮೂರು ತುಂಬಿದವರಿಗೆ. ಅದಕ್ಕಿಂತ ಚಿಕ್ಕವರ ಪಾಲಿಗೆ ಬರುವುದು ಮುಖ್ಯವಾಗಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ತೂಕ, ಲಸಿಕೆ. ಬುದ್ಧಿ ನೆಲೆಗೊಳ್ಳುತ್ತದೆಂದು ಗಾದೆ ಹೇಳುವ ಕಾಲಕ್ಕೆ ಸರಿಯಾಗಿ ನಮ್ಮ ಪಾಠ ಆರಂಭ! ಅಲ್ಲಿಯವರೆಗೆ ಕೂಲಿಗೆ ಹೋಗುವ ತಾಯಿಯ ಕೂಸು ಬದುವಿನ ನೆರಳಲ್ಲೋ ಏಳು ವರ್ಷದ ಅಕ್ಕನ ಸೊಂಟದ ಮೇಲೋ ಇರುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಈಚೆಗೆ ತೆರೆದಿರುವ ‘ಕೂಸಿನ ಮನೆ’ಗಳು ಈ ಕೊರತೆಯನ್ನು ಗುರುತಿಸಿವೆ. ಅವು ಚೆನ್ನಾಗಿ ನಡೆಯಬೇಕು, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ತಕ್ಕ ಕೂಲಿ ಸಿಗಬೇಕು. ನೂರು ವರ್ಷದ ಬುದ್ಧಿಯನ್ನು ಹಳಿಯುವ ಹಕ್ಕು, ಮೂರು ವರ್ಷದ ಆರೈಕೆಗೆ ಖರ್ಚು ಮಾಡಿದವರಿಗೆ ಮಾತ್ರ ಇದೆ.